ಮೊದಲ ಹಾಳೆ ಹರಿದ ಪುಸ್ತಕದ ಊರು ಹುಡುಕುವುದು

ಹಳೆಯ ಯುರೋಪಿನ ಪುಸ್ತಕಗಳ ಕ್ಯಾಟಲಾಗ್ ಮಾಡುವುದು ನನ್ನ ಕೆಲಸ. ಅಚ್ಚಾದ ಊರಿನ ಹೆಸರು ಸಾಮಾನ್ಯವಾಗಿ ಮೊದಲ ಇಲ್ಲವೇ ಕೊನೆಯ ಹಾಳೆಯಲ್ಲಿರುತ್ತದೆ. ಆ ಎರಡೂ ಹರಿದುಹೋದ ಪುಸ್ತಕ ಬಂದರೆ ತಕ್ಷಣ ಓದಲು ಕೂರುವುದಿಲ್ಲ. ಕಾಗದವನ್ನು ಬೆಳಕಿಗೆ ಹಿಡಿಯುತ್ತೇನೆ. ಹಳೆಯ ಕೈಕಾಗದದಲ್ಲಿ, ಕಾಗದ ಮಾಡುವ ಜರಡಿಯ ತಂತಿ ಬಿಟ್ಟ ಗೆರೆಗಳು ಕಾಣುತ್ತವೆ. ನಾನು ನೋಡುವುದು ಅವುಗಳಲ್ಲಿ ದೂರ ದೂರ ಇರುವ ಗೆರೆಗಳನ್ನು. ಗೆರೆ ಅಡ್ಡಡ್ಡ ಇದ್ದರೆ ಸಾಮಾನ್ಯವಾಗಿ ಹಾಳೆಯನ್ನು ಎರಡು ಸಲ ಮಡಿಸಿರುತ್ತಾರೆ. ಗೆರೆ ನೆಟ್ಟಗಿದ್ದು, ವಾಟರ್‌ಮಾರ್ಕ್ ಹೊಲಿಗೆಯ ಪಕ್ಕ ಮೇಲ್ತುದಿಯಲ್ಲಿದ್ದರೆ ಮೂರು ಸಲ. ಅಂದರೆ 8 ಎಲೆ, 16 ಪುಟ. ನಮ್ಮ ಪ್ರೆಸ್ಸಿನವರ ಲೆಕ್ಕದಲ್ಲಿ ಒಂದು ಫಾರಂ.

ಆಮೇಲೆ ಪುಟದ ಕೆಳಗಿನ ಸಣ್ಣ ಗುರುತು: ಎ, ಬಿ, ಸಿ, ಹೀಗೆ ಫಾರಮಿಗೊಂದು ಅಕ್ಷರ. ಇದು ಓದುಗರಿಗಲ್ಲ, ಬೈಂಡಿಂಗ್ ಮಾಡುವವನಿಗೆ. ಪುಸ್ತಕಗಳು ಹೆಚ್ಚಾಗಿ ಬಿಡಿ ಹಾಳೆಗಳಾಗಿಯೇ ಪೀಪಾಯಿ ತುಂಬಿ ಜರ್ಮನಿಯ ಫ್ರಾಂಕ್‌ಫರ್ಟಿನ ಪುಸ್ತಕ ಜಾತ್ರೆಗೆ ಹೋಗುತ್ತಿದ್ದವು. ವೆನಿಸ್ಸಿನಲ್ಲಿ ಅಚ್ಚಾದದ್ದನ್ನು ಹೊಲಿಯುವವನು ಎಲ್ಲೋ ದೂರದ ಊರಿನಲ್ಲಿರುತ್ತಿದ್ದ. ಲ್ಯಾಟಿನ್ ಬಾರದಿದ್ದರೂ ಅವನು ಸರಿಯಾಗಿ ಜೋಡಿಸಬೇಕಲ್ವಾ? ಒಂದು ಅಕ್ಷರ ತಪ್ಪಿದರೆ ಅಲ್ಲೊಂದು ಫಾರಂ ಕಳೆದುಹೋಗಿದೆ ಎಂದು ನನಗೂ ತಿಳಿಯುತ್ತದೆ.

ಕೊನೆಗೆ ಅಚ್ಚುಮೊಳೆ. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. 1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್ ರೋಮನ್ ಕವಿ ವರ್ಜಿಲ್‌ನ ಕಾವ್ಯವನ್ನು ಅಂಗೈಗೆ ಹಿಡಿಸುವ ಅಳತೆಯಲ್ಲಿ, ಓರೆ ಅಕ್ಷರದಲ್ಲಿ ಅಚ್ಚು ಹಾಕಿದ. ಅಕ್ಷರ ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಫ್ರಾನ್ಸಿನ ಲಿಯಾನ್ ಊರಿನ ಮುದ್ರಕರು ತಡಮಾಡದೆ ಅದೇ ಅಳತೆ, ಅದೇ ಬಗೆಯ ಅಕ್ಷರದಲ್ಲಿ ನಕಲು ಇಳಿಸಿದರು. ಊರು, ಹೆಸರು, ಇಸವಿ ಏನೂ ಹಾಕಲಿಲ್ಲ. ಬೇರೆಯವರು ನಕಲು ಮಾಡದಂತೆ ವೆನಿಸ್ ಸರ್ಕಾರ ಆಲ್ಡಸ್‌ಗೆ ಕೊಟ್ಟ ಹಕ್ಕು ಫ್ರಾನ್ಸಿನಲ್ಲಿ ನಡೆಯುತ್ತಿರಲಿಲ್ಲ. 1503ರಲ್ಲಿ ಆಲ್ಡಸ್ ಒಂದು ಎಚ್ಚರಿಕೆಯ ಹಾಳೆಯನ್ನೇ ಅಚ್ಚು ಹಾಕಿದ. ಲಿಯಾನಿನವರ ಕಾಗದ ಕಳಪೆ, ವಾಸನೆ ಬೇರೆ, ಅಕ್ಷರಗಳು ಒಂದಕ್ಕೊಂದು ಕೂಡಿಲ್ಲ ಎಂದ. ಯಾವ ಪುಸ್ತಕದಲ್ಲಿ ಯಾವ ತಪ್ಪಿದೆ ಎಂದೂ ಪಟ್ಟಿ ಕೊಟ್ಟ. ಲಿಯಾನಿನವರು ಆ ಪಟ್ಟಿ ನೋಡಿಕೊಂಡೇ ತಪ್ಪು ತಿದ್ದಿ ಮತ್ತೆ ಅಚ್ಚು ಹಾಕಿದರು!

ಹಾಗಾಗಿ ತಪ್ಪಿಲ್ಲ ಎಂಬ ಒಂದೇ ಕಾರಣಕ್ಕೆ ಪುಸ್ತಕ ವೆನಿಸ್ಸಿನದು ಎಂದು ನಾನು ಬರೆಯುವುದಿಲ್ಲ. ಆಲ್ಡಸ್‌ನದೇ ಎಂದು ಖಾತ್ರಿಯಾದ ಪ್ರತಿಯ ಸ್ಕ್ಯಾನ್ ತೆರೆದು, ಅದೇ ಪುಟವನ್ನು ಸಾಲು ಸಾಲಾಗಿ ಹೋಲಿಸುತ್ತೇನೆ. ಅಕ್ಷರಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬಿಡಿಬಿಡಿಯಾಗಿವೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ನಿಧಾನದ ಕೆಲಸ, ಆದರೆ ಅಡ್ಡದಾರಿ ಇಲ್ಲ. ನಕಲಾದರೂ ಅದಕ್ಕೆ ಅಷ್ಟೇ ಗಮನ ಕೊಡಬೇಕು. ವರ್ಜಿಲ್ ಎಷ್ಟೋ ಓದುಗರ ಕೈಸೇರಿದ್ದು ಅಂಥ ಪ್ರತಿಗಳಿಂದಲೇ. ಅಕ್ಷರ ಹೊಂದದಿದ್ದರೆ ಮುದ್ರಣದ ಊರಿನ ಜಾಗದಲ್ಲಿ [ಲಿಯಾನ್?] ಎಂದು ಚೌಕ ಕಂಸದೊಳಗೆ ಬರೆದು, ಏಕೆ ಹಾಗಂದೆ ಎಂಬುದನ್ನು ಟಿಪ್ಪಣಿಯಲ್ಲಿ ಸೇರಿಸುತ್ತೇನೆ.