ಗಂಜಿ ಹಾಕಿದ ದೆವ್ವ

ಅಮೆರಿಕದ ಒಹಾಯೊದ ನಮ್ಮ ಬೀದಿಯಲ್ಲಿ ಅಕ್ಟೋಬರ್ ಬಂತೆಂದರೆ ಮನೆ ಮನೆ ಮುಂದೆ ಅಸ್ಥಿಪಂಜರ. ಒಬ್ಬರ ಅಂಗಳದಲ್ಲಂತೂ 12 ಅಡಿಯದು. ಬೆಲೆ ಕೇಳಿ ನಮ್ಮ ಮನೆಯವರು, "ದುಡ್ಡು ಕೊಟ್ಟು ದೆವ್ವ ತರ್ತಾರಾ?" ಅಂದರು. ಸರಿ, ಹ್ಯಾಲೋವೀನ್‌ಗೆ, ಅಂದರೆ ಅಕ್ಟೋಬರ್ 31ಕ್ಕೆ ಮಕ್ಕಳು ವೇಷ ಹಾಕಿ ಮನೆ ಮನೆಗೆ ಚಾಕೊಲೇಟ್ ಕೇಳೋಕೆ ಬರುವ ಇಲ್ಲಿನ ದೆವ್ವದ ಹಬ್ಬಕ್ಕೆ, ನಾನು ರೀಸೈಕಲ್ ಡಬ್ಬಿಗೇ ಕೈ ಹಾಕಿದೆ.

ಮೊದಲು ಸಿಕ್ಕಿದ್ದು ಹಾಲಿನ ಕ್ಯಾನ್. ಇಲ್ಲಿ ಹಾಲು ಗ್ಯಾಲನ್ ಲೆಕ್ಕ, ಸುಮಾರು 3.8 ಲೀಟರ್. ದಿನಾ ಹೆಪ್ಪು ಹಾಕುವ ಮನೆ ನಮ್ಮದು, ಒಂದೂವರೆ ತಿಂಗಳಲ್ಲಿ 11 ಕ್ಯಾನ್ ಕೂಡಿದವು. ಹಿಡಿಯಿಲ್ಲದ ಕಡೆ ಕಪ್ಪು ಮಾರ್ಕರಿನಲ್ಲಿ ಕಣ್ಣು, ಬಾಯಿ ಬರೆದೆ. ಹಿಂದೆ ಮುಷ್ಟಿಯಷ್ಟು ತೂತು ಕೊರೆದು, ದೀಪಾವಳಿಯ ಎಲ್‌ಇಡಿ ಸೀರಿಯಲ್ ಸೆಟ್ ಒಳಗೆ ತುರುಕಿದೆ. ಮೇಣದಬತ್ತಿ ಮಾತ್ರ ಬೇಡವೇ ಬೇಡ, ಪ್ಲಾಸ್ಟಿಕ್ ಹತ್ತಿಕೊಳ್ಳುತ್ತದೆ. ತಳಕ್ಕೆ ಎರಡು ಹಿಡಿ ಜಲ್ಲಿ ಹಾಕಿ, ಇಲ್ಲದಿದ್ದರೆ ಗಾಳಿಗೆ ಪಕ್ಕದ ಮನೆ ಸೇರುತ್ತವೆ. ಇನ್ನೊಂದು, ಕ್ಯಾನ್ ಚೆನ್ನಾಗಿ ತೊಳೆಯಿರಿ. ನಾನು ಸುಮ್ನೆ ನೀರು ಕುಲುಕಿ ಚೆಲ್ಲಿದ್ದೆ. ಮೂರನೇ ದಿನ ದೆವ್ವಗಳು ಹುಳಿ ಮಜ್ಜಿಗೆ ನಾತ ಹೊಡೆದವು.

ಟಿವಿ ಪೆಟ್ಟಿಗೆಯ ಥರ್ಮೋಕೋಲ್‌ನಿಂದ ಗೋರಿಕಲ್ಲು ಮಾಡಿದೆ. ಬೂದು ಬಣ್ಣದ ಸ್ಪ್ರೇ ಹೊಡೆದಿದ್ದೇ ತಡ, ಮೈಯೆಲ್ಲ ಕರಗಿ ಗುಳಿ ಬಿತ್ತು. ಸ್ಪ್ರೇಯಲ್ಲಿರುವ ದ್ರಾವಕ ಥರ್ಮೋಕೋಲನ್ನು ತಿಂದುಹಾಕುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೆ ನೋಡಿ, ಆ ಗುಳಿಗಳಿಂದಲೇ ಅದು ನೂರು ವರ್ಷ ಮಳೆ ತಿಂದ ಕಲ್ಲಿನ ಹಾಗೆ ಕಂಡಿತು! ಮೇಲೆ ಗೋಡೆಗೆ ಬಳಿದು ಉಳಿದಿದ್ದ ನೀರಿನ ಪೇಂಟ್ ಹಚ್ಚಿದೆ.

ನನಗೆ ಹೆಮ್ಮೆಯಿದ್ದದ್ದು ಪಂಚೆ ದೆವ್ವದ ಮೇಲೆ. ಸವೆದು ಜಾಲರಿಯಾಗಿದ್ದ ಹಳೇ ಪಂಚೆ. ಅಮ್ಮ ಕಾಟನ್ ಸೀರೆಗೆ ಹಾಕುತ್ತಿದ್ದ ಹಾಗೆ ಗಂಜಿ ಕಾಯಿಸಿ, ಇನ್ನಷ್ಟು ಗಟ್ಟಿಯಾಗಿ, ಅದರಲ್ಲಿ ಅದ್ದಿದೆ. ಎತ್ತರದ ಬಾಟಲಿ ಮೇಲೆ ಊದಿದ ಬಲೂನ್ ಅಂಟಿಸಿ, ಪಂಚೆ ಹೊದಿಸಿ, ಮನೆಯೊಳಗೆ ಎರಡು ದಿನ ಒಣಗಿಸಿದೆ. ಬಲೂನ್ ಒಡೆದು ಬಾಟಲಿ ತೆಗೆದರೆ, ಒಳಗೆ ಏನೂ ಇಲ್ಲದೆ ತಾನೇ ನಿಂತಿತು. ರಾತ್ರಿ ಹೊರಗಿಟ್ಟೆ. ಜಿಟಿಜಿಟಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಒಗೆಯೋಕೆ ಬಿಸಾಕಿದ ಪಂಚೆ, ಅಷ್ಟೇ. ಎರಡನೇ ಸಲ ಗಂಜಿ ಬಿಟ್ಟು, ಮಕ್ಕಳ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿದೆ. ಆ ಅಂಟೂ ನೀರಿಗೆ ಜಾಸ್ತಿ ತಡೆಯೋದಿಲ್ಲ, ಅದಕ್ಕೆ ಜಗಲಿಯ ಮಾಡಿನ ಕೆಳಗೇ ನಿಲ್ಲಿಸಿದೆ.

ಫೋನಿನಲ್ಲಿ ನೋಡಿದ ಅಮ್ಮ, "ಅಲ್ವೇ, ದೆವ್ವ ಬರದೇ ಇರ್ಲಿ ಅಂತ ನಾವು ಬಾಗಿಲ ಮೇಲೆ ಬರೀತಿದ್ವಿ. ನೀನು ಕರೆದು ಕೂರಿಸ್ತೀಯಲ್ಲ!" ಅಂದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಇರುತ್ತಿದ್ದ 'ನಾಳೆ ಬಾ' ನೆನಪಾಯಿತು. ದೊಡ್ಡ ಗೋರಿಕಲ್ಲಿನ ಮೇಲೆ ಕನ್ನಡದಲ್ಲೇ ಅದನ್ನು ಬರೆದೆ.

31ರ ಸಂಜೆ ಚಾಕೊಲೇಟ್‌ಗೆ ಬಂದ ಮಕ್ಕಳಲ್ಲಿ ಡೈನೋಸಾರ್ ವೇಷದವನೊಬ್ಬ, ಅದೇನು ಬರೆದಿರೋದು ಅಂತ ಕೇಳಿದ. ಅರ್ಥ ಹೇಳಿದೆ. ಮಾರನೇ ದಿನ ಸ್ಕೂಲ್ ಮುಗಿದ ಮೇಲೆ ಬಾಗಿಲು ಬಡಿದ ಸದ್ದು. ವೇಷವಿಲ್ಲದೆ, ಚೀಲ ಹಿಡಿದು ಅವನೇ ನಿಂತಿದ್ದ.