ಆಟ ರೆಕಾರ್ಡ್ ಮಾಡಲು ಕೊಂಡ ಮೊದಲ ಕ್ಯಾಮೆರಾ

ಯಕ್ಷಗಾನದ ಆಟಗಳನ್ನು ಪೂರ್ತಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು ಅನ್ನುವುದು ನನ್ನ ಹಳೆಯ ಆಸೆ. ಒಂದೆರಡು ಪದ್ಯದ ತುಣುಕಲ್ಲ, ಮೊದಲಿನಿಂದ ಮಂಗಳದವರೆಗೆ. ಅದಕ್ಕೆ ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದಲ್ಲೆಲ್ಲ ಒಂದೇ ಉತ್ತರ ಸಿಕ್ಕಿತು: ‘ಒಳ್ಳೆ ಮಿರರ್‌ಲೆಸ್ ತಗೊಳ್ಳಿ ಮಾರಾಯ್ರೆ, ಈಗ ಎಲ್ಲರೂ ಅದನ್ನೇ ತಗೊಳ್ಳೋದು.’ ಲೆನ್ಸ್ ಬದಲಿಸಬಹುದಾದ ಈಗಿನ ಫೋಟೋ ಕ್ಯಾಮೆರಾ ಅದು. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಹ್ಯಾಂಡಿಕ್ಯಾಮ್, ಅಂದರೆ ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾ, ಸೋನಿ ಎಎಕ್ಸ್53. ನೋಡಿದವರಿಗೆ ಇದು ಮದುವೆ ಮನೆಯ ಹಳೇ ಕ್ಯಾಮೆರಾ ಥರ ಕಾಣುತ್ತದೆ. ಇರಲಿ.

ಅಂಗಡಿಯವರು ‘ಬಜೆಟ್ ಎಷ್ಟು ಸರ್?’ ಎಂದು ಶುರು ಮಾಡುತ್ತಾರೆ. ನನ್ನ ಲೆಕ್ಕ ಬೇರೆ ಕಡೆಯಿಂದ ಶುರುವಾಗಿತ್ತು. ಒಮ್ಮೆ ಒತ್ತಿದ ಮೇಲೆ ಎಷ್ಟು ಹೊತ್ತು ಓಡಬೇಕು? ಎಷ್ಟು ದೂರದಿಂದ? ಯಾವ ಬೆಳಕಿನಲ್ಲಿ? ಕಾಲಮಿತಿಯ ಆಟವಾದರೂ ಮೂರು ಗಂಟೆ ದಾಟುತ್ತದೆ. ರಾತ್ರಿಯಿಡೀ ನಡೆಯುವ ಹರಕೆ ಆಟವಾದರೆ ಕೇಳುವುದೇ ಬೇಡ. ಫೋಟೋ ತೆಗೆಯಲೆಂದೇ ಮಾಡಿದ ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಯುರೋಪಿನ ಹಿಂದಿನ ಸುಂಕದ ಲೆಕ್ಕದಲ್ಲಿ 30 ನಿಮಿಷ ದಾಟಿ ರೆಕಾರ್ಡ್ ಮಾಡುವುದೆಲ್ಲ ವಿಡಿಯೊ ಕ್ಯಾಮೆರಾ ಆಗಿತ್ತು, ಅದಕ್ಕೆ ತೆರಿಗೆ ಜಾಸ್ತಿ ಇತ್ತು. ಅದನ್ನು ತಪ್ಪಿಸಲು ಕಂಪನಿಗಳು ಹಾಕಿಟ್ಟ ಮಿತಿ ಅದು. ಹೊಸ ಮಾಡೆಲ್‌ಗಳಲ್ಲಿ ಹಲವಕ್ಕೆ ಈ ಮಿತಿ ಇಲ್ಲ, ನಿಜ. ಆದರೆ 4ಕೆಯಲ್ಲಿ ಒಂದೇ ಸಮ ಓಡಿಸಿದರೆ ಬಿಸಿಯಾಗಿ ನಿಲ್ಲುವ ಕಾಯಿಲೆ ಕೆಲವಕ್ಕಿದೆ. ಮಾರ್ಚ್–ಏಪ್ರಿಲ್‌ನ ಕರಾವಳಿ ಸೆಕೆಯಲ್ಲಿ ಕೇಳಬೇಕೇ?

ಇನ್ನು ದೂರ. ಜನರಿಗೆ ಅಡ್ಡವಾಗದೆ ಟ್ರೈಪಾಡ್ ಇಡಲು ಜಾಗ ಸಿಗುವುದು ರಂಗಸ್ಥಳದಿಂದ ಸುಮಾರು 15 ಮೀಟರ್ ಹಿಂದೆ. ಮಿರರ್‌ಲೆಸ್ ಜೊತೆ ಬರುವ ಕಿಟ್ ಲೆನ್ಸ್‌ನಲ್ಲಿ ಪೂರ್ತಿ ಜೂಮ್ ಮಾಡಿದರೆ ಹಳೇ ಫಿಲ್ಮಿನ ಅಳತೆಯ (ಫುಲ್‌ಫ್ರೇಮ್) ಲೆಕ್ಕದಲ್ಲಿ 75 ಎಂಎಂ ಆಸುಪಾಸು; ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಅಷ್ಟು ದೂರದಿಂದ ಚೌಕಟ್ಟಿನೊಳಗೆ ಏಳು ಮೀಟರ್ ಅಗಲ ತುಂಬುತ್ತದೆ. ಅಂದರೆ ಇಡೀ ರಂಗಸ್ಥಳ, ಜೊತೆಗೆ ಪಕ್ಕದಲ್ಲಿ ನಿಂತ ಹುಡುಗರು. ವೇಷಧಾರಿಯ ಕಣ್ಣು, ಬೆರಳು ಕಾಣಬೇಕಾದರೆ 300 ಎಂಎಂ ಆದರೂ ಬೇಕು. ಆಗ ಅಗಲ ಎರಡು ಮೀಟರ್‌ಗಿಂತ ಕಡಿಮೆಯಾಗುತ್ತದೆ. ಮಿರರ್‌ಲೆಸ್‌ಗೆ ಅಷ್ಟು ಉದ್ದದ, ಮಬ್ಬು ಬೆಳಕಿಗೂ ಸಾಲುವ ಲೆನ್ಸ್ ಕೊಂಡರೆ ಬಾಡಿಗಿಂತ ಲೆನ್ಸೇ ದುಬಾರಿ. ನನ್ನ ಹ್ಯಾಂಡಿಕ್ಯಾಮ್‌ಗೆ 20 ಪಟ್ಟು ಆಪ್ಟಿಕಲ್ ಜೂಮ್ ಇದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಡಿಜಿಟಲ್ ಜೂಮ್ ಲೆಕ್ಕಕ್ಕಿಲ್ಲ. ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ಅಷ್ಟೆ.

ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಹ್ಯಾಂಡಿಕ್ಯಾಮ್‌ನ ಸೆನ್ಸರ್ ಚಿಕ್ಕದು. ಪೂರ್ತಿ ಜೂಮ್‌ನಲ್ಲಿ ಬೆಳಕು ಇನ್ನೂ ಕಡಿಮೆ ಒಳಬರುತ್ತದೆ. ಕತ್ತಲೆಯ ಭಾಗದಲ್ಲಿ ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಬರೀ ದೊಂದಿ ಬೆಳಕಿನ ಆಟವನ್ನು ನಾನು ಇದರಲ್ಲಿ ತೆಗೆಯಲು ಹೋಗುವುದಿಲ್ಲ. ಈಗಿನ ಎಲ್ಇಡಿ ಬೆಳಕಿನ ರಂಗಸ್ಥಳಕ್ಕೆ ಧಾರಾಳ ಸಾಕು.

ಕೊಳ್ಳುವ ಮೊದಲು ಬೇರೆ ಮಾಡೆಲೊಂದನ್ನು ಒಂದು ರಾತ್ರಿಗೆ ಬಾಡಿಗೆಗೆ ತಂದಿದ್ದೆ. ಯಾವ ರಿವ್ಯೂ ವಿಡಿಯೊದಲ್ಲೂ ಸಿಗದ ಸಂಗತಿಗಳು ಗೊತ್ತಾಗಿದ್ದು ಅಲ್ಲೇ. ಸುತ್ತ ಕತ್ತಲೆ, ನಡುವೆ ಮಾತ್ರ ಬೆಳಕು. ಆಟೋ ಮೋಡ್‌ನಲ್ಲಿ ಬಿಟ್ಟರೆ ಕ್ಯಾಮೆರಾ ಆ ಕತ್ತಲೆಯನ್ನೂ ಬೆಳಗಿಸಲು ಹೊರಡುತ್ತದೆ. ಕಿರೀಟ, ಎದೆಪದಕ ಎಲ್ಲ ಬೆಳ್ಳಗೆ ಉರಿದುಹೋಗುತ್ತವೆ. ಸ್ತ್ರೀವೇಷದ ಮುಖ ಸುಣ್ಣ ಬಳಿದ ಗೋಡೆ. ಇನ್ನೊಂದು ತಮಾಷೆ ಅಂದರೆ, ಮುಖಕ್ಕೆ ಚುಟ್ಟಿ, ಅಂದರೆ ಹಿಟ್ಟಿನ ಬಿಳಿ ಚುಕ್ಕೆಗಳನ್ನು ಇಟ್ಟ ರಾಕ್ಷಸನ ಬಣ್ಣದ ವೇಷ ಅಬ್ಬರಿಸುತ್ತಾ ಬಂದರೆ ಕ್ಯಾಮೆರಾಕ್ಕೆ ಅದು ಮುಖವೆಂದೇ ಅನ್ನಿಸುವುದಿಲ್ಲ. ಫೇಸ್ ಡಿಟೆಕ್ಷನ್ ವೇಷವನ್ನು ಬಿಟ್ಟು ಹಿಂದೆ ಕೂತ ಮದ್ದಳೆಯವರ ಮುಖ ಹಿಡಿದುಕೊಂಡಿತು. ಹಾಗಾಗಿ ಎಕ್ಸ್‌ಪೋಷರ್ ಮತ್ತು ಫೋಕಸ್ ಎರಡನ್ನೂ ಕೈಯಲ್ಲಿ ತಿರುಗಿಸಲು ಬರಬೇಕು, ಅದೂ ಮೆನುವಿನೊಳಗೆ ಹುಡುಕದೆ.

ಬೆಳಕು ಮಿನುಗುವುದು ಇನ್ನೊಂದು ತಲೆನೋವು. ನಮ್ಮ ಕರೆಂಟ್ 50 ಹರ್ಟ್ಸ್. ಕ್ಯಾಮೆರಾವನ್ನು ಸೆಕೆಂಡಿಗೆ 30 ಫ್ರೇಮ್‌ಗೆ ಇಟ್ಟು ಶಟರ್ 1/60 ಸೆಕೆಂಡಿನಲ್ಲಿ ಬಿಟ್ಟರೆ ಟ್ಯೂಬ್‌ಲೈಟ್, ಕಡಿಮೆ ಬೆಲೆಯ ಎಲ್ಇಡಿ ಫ್ಲಡ್‌ಗಳು ಚಿತ್ರದಲ್ಲಿ ಪಟಪಟ ಅನ್ನುತ್ತವೆ, ಇಲ್ಲವೇ ಪಟ್ಟೆಪಟ್ಟೆ ಬರುತ್ತವೆ. 25 ಅಥವಾ 50 ಫ್ರೇಮ್, ಶಟರ್ 1/50 ಅಥವಾ 1/100 ಇಟ್ಟರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಬೇರೆ ದೇಶದಿಂದ ಬಂದ ಹ್ಯಾಂಡಿಕ್ಯಾಮ್ ‘ಅಗ್ಗಕ್ಕೆ ಕೊಡ್ತೇನೆ’ ಅಂದರೆ ನಾನು ಹಿಂದೆ ಸರಿಯುವುದು ಇದಕ್ಕೇ. ಅಮೆರಿಕದಲ್ಲಿ ಮಾರಿದ ಹಲವು ಹ್ಯಾಂಡಿಕ್ಯಾಮ್‌ಗಳಲ್ಲಿ 25, 50 ಫ್ರೇಮ್ ಇರುವುದೇ ಇಲ್ಲ. ಜಪಾನಿನ ಮಾರುಕಟ್ಟೆಯ ಸೋನಿಯಲ್ಲಿ ಮೆನು ಬರೀ ಜಪಾನಿ ಭಾಷೆಯಲ್ಲಿರಬಹುದು. ಇಲ್ಲಿ ವಾರಂಟಿಯೂ ಸಿಗದು. ಹೊಸದು ಕೊಳ್ಳುವವರು 18% ಜಿಎಸ್‌ಟಿ ಉಳಿಸಲು ಹೋಗಿ ಬಿಲ್ ಇಲ್ಲದ ಮಾಲು ತರಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಕ್ಯಾಮೆರಾದ ತಳದಲ್ಲಿರುವುದಕ್ಕೆ ತಾಳೆ ನೋಡಿ.

ಸೆಕೆಂಡ್ ಹ್ಯಾಂಡ್ ಅಂಗಡಿಗೆ ನಾನು ಹೋದದ್ದು ಟಾರ್ಚ್, ನನ್ನದೇ ಮೆಮೊರಿ ಕಾರ್ಡ್ ಮತ್ತು ಹೆಡ್‌ಫೋನ್ ಹಿಡಿದುಕೊಂಡು. ಮೊದಲು ತೋರಿಸಿದ ಕ್ಯಾಮೆರಾ ಹೊರಗಿನಿಂದ ಹೊಸದರಂತೆಯೇ ಇತ್ತು, ಒಂದು ಗೀರೂ ಇಲ್ಲ. ಲೆನ್ಸಿಗೆ ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣಿಸುವುದಿಲ್ಲ. ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಒಳಗಿನ ಗಾಜಿನ ಅಂಚಿನಲ್ಲಿ ಬಿಳಿ ಎಳೆಗಳು, ಬೇರು ಬಿಟ್ಟ ಹಾಗೆ ಕವಲೊಡೆದಿದ್ದವು. ಫಂಗಸ್. ‘ಅದು ಧೂಳು ಸರ್, ಒರೆಸಿದ್ರೆ ಹೋಗ್ತದೆ’ ಎಂದರು. ಒಳಗಿನ ಗಾಜನ್ನು ಯಾರು ಒರೆಸುವುದು? ನಮ್ಮ ಕಡೆ ಮಳೆಗಾಲ ಕಳೆದ ಕ್ಯಾಮೆರಾಗಳಲ್ಲಿ ಇದು ಮಾಮೂಲು. ಬಿಚ್ಚಿ ತೊಳೆಸಲು ಕೊಡುವ ದುಡ್ಡು ಕ್ಯಾಮೆರಾ ಬೆಲೆಯ ಹತ್ತಿರಕ್ಕೆ ಬರಬಹುದು.

ಇನ್ನೊಂದು ಅಂಗಡಿಯಲ್ಲಿ ಸಿಕ್ಕಿದ್ದು ನನ್ನ ಈಗಿನ ಕ್ಯಾಮೆರಾ. ಅಲ್ಲಿ ಹೊತ್ತು ತೆಗೆದುಕೊಂಡೇ ನೋಡಿದೆ. ಹೆಡ್‌ಫೋನ್ ಹಾಕಿ ಜೂಮ್ ಅತ್ತಿತ್ತ ಓಡಿಸಿದೆ, ಕರಕರ ಶಬ್ದ ಇಲ್ಲ. ಮೈಕ್ ಜ್ಯಾಕ್‌ಗೆ ಪಿನ್ ಚುಚ್ಚಿ ಅಲ್ಲಾಡಿಸಿದೆ, ಸದ್ದು ಕಡಿಯಲಿಲ್ಲ. ಆಮೇಲೆ ಅಡಾಪ್ಟರ್ ಹಾಕಿ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಪ್ಲಗ್ ಕಿತ್ತೆ. ಅಂಗಡಿಯ ಹುಡುಗ ಗಾಬರಿಯಾದ. ಬ್ಯಾಟರಿ ಹಿಡಿದುಕೊಂಡಿತು, ರೆಕಾರ್ಡಿಂಗ್ ನಿಲ್ಲಲಿಲ್ಲ. ಜನರೇಟರ್ ಯಾವಾಗ ಕೈಕೊಡುತ್ತದೋ ಹೇಳಲಾಗದ ಬಯಲಾಟಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ತೆಗೆದ ತುಣುಕುಗಳನ್ನು ಮನೆಗೆ ತಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದ ಮೇಲೆಯೇ ಮುಂಗಡ ಕೊಟ್ಟೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವೇ.

ಸೆಕೆಂಡ್ ಹ್ಯಾಂಡ್ ಕೊಂಡು ಉಳಿದ ದುಡ್ಡಿನಲ್ಲಿ ದೊಡ್ಡ ಪಾಲು ಹೋದದ್ದು ಸೌಂಡಿಗೆ. ಯಕ್ಷಗಾನದಲ್ಲಿ ಚಿತ್ರ ಸ್ವಲ್ಪ ಮಬ್ಬಾದರೂ ನೋಡಬಹುದು. ಭಾಗವತರ ಪದ್ಯ ಒಡೆದರೆ ಯಾರೂ ನೋಡುವುದಿಲ್ಲ. ಕ್ಯಾಮೆರಾದ ಮೈಕ್ ಆಟೋದಲ್ಲಿದ್ದರೆ ಚಂಡೆ ಬಿದ್ದಾಗಲೆಲ್ಲ ಅದು ಸದ್ದನ್ನು ತಗ್ಗಿಸುತ್ತದೆ. ಚಂಡೆ ನಿಂತೊಡನೆ ಏರಿಸುತ್ತದೆ. ಪದ್ಯ ಮುಳುಗಿ ಮುಳುಗಿ ಏಳುತ್ತದೆ. ಧ್ವನಿವರ್ಧಕದವರ ಮಿಕ್ಸರ್‌ನಿಂದ ನೇರ ಕ್ಯಾಮೆರಾದ ಮೈಕ್ ಜ್ಯಾಕ್‌ಗೆ ವೈರ್ ಎಳೆದರೆ ಇನ್ನೂ ಕೆಟ್ಟದು. ಅಲ್ಲಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಮೈಕ್ ಜ್ಯಾಕ್ ಕಾಯುವುದು ಅದಕ್ಕಿಂತ ತುಂಬಾ ಸಣ್ಣದನ್ನು. ಅದಕ್ಕೆ ನಾನು ಕೈಯಲ್ಲಿ ಹಿಡಿಯುವ ಚಿಕ್ಕ ರೆಕಾರ್ಡರ್ ಬೇರೆಯೇ ಇಟ್ಟಿದ್ದೇನೆ. ಮಿಕ್ಸರ್‌ನ ಲೈನ್ ಅದಕ್ಕೆ ಹೋಗುತ್ತದೆ, ಮಟ್ಟ ಕೈಯಲ್ಲಿ ಇಡುತ್ತೇನೆ. ಕ್ಯಾಮೆರಾದ ಮೈಕ್ ಜನರ ಚಪ್ಪಾಳೆಗೆ, ಜೋಡಿಸಲು ಗುರುತಿಗೆ. ಶುರುವಿನಲ್ಲಿ ಎರಡಕ್ಕೂ ಕೇಳುವಂತೆ ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ಹೊಂದಿಸುವುದು ಸುಲಭ. ಗಂಟೆಗಟ್ಟಲೆ ಓಡಿದ ಮೇಲೆ ಎರಡೂ ಸ್ವಲ್ಪ ಸ್ವಲ್ಪ ಸರಿಯುತ್ತವೆ, ಪ್ರತಿ ಪ್ರಸಂಗದ ಶುರುವಿಗೆ ಮತ್ತೆ ಹೊಂದಿಸಬೇಕಾಗುತ್ತದೆ.

ಟ್ರೈಪಾಡ್ ಕೊಳ್ಳುವಾಗ ಫೋಟೋದ ಬಾಲ್ ಹೆಡ್ ಬೇಡ. ಫ್ಲೂಯಿಡ್ ಹೆಡ್, ಅಂದರೆ ಒಳಗಿನ ದಪ್ಪ ಎಣ್ಣೆಯಿಂದ ನಯವಾಗಿ ತಿರುಗುವ ತಲೆ, ಇರಬೇಕು. ಹಿಡಿಕೆ ಹಿಡಿದು ನಿಧಾನಕ್ಕೆ ತಿರುಗಿಸಿ, ಕೈ ಬಿಡಿ. ತಲೆ ಚೂರು ಹಿಂದಕ್ಕೆ ಜಗ್ಗಿದರೂ ಅದನ್ನು ಅಲ್ಲೇ ಬಿಟ್ಟುಬನ್ನಿ.

4ಕೆ ಬಗ್ಗೆ ಒಂದು ಮಾತು. ನನ್ನದರಲ್ಲಿ ಇದೆ, ಬಳಸುವುದು ಅಪರೂಪ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್‌ನ) 4ಕೆ ಗಂಟೆಗೆ 45 ಜಿಬಿ ನುಂಗುತ್ತದೆ. 50 ಎಂಬಿಪಿಎಸ್‌ನ ಫುಲ್ ಎಚ್‌ಡಿ ಅದರ ಅರ್ಧ. ಕಾಲಮಿತಿ ಆಟ ಫುಲ್ ಎಚ್‌ಡಿಯಲ್ಲಾದರೆ 128 ಜಿಬಿ ಕಾರ್ಡ್ ಒಂದೇ ಸಾಕು, 4ಕೆಯಲ್ಲಾದರೆ ನಡುವೆಯೇ ತುಂಬುತ್ತದೆ. ಆಮೇಲೆ ಇಷ್ಟನ್ನೆಲ್ಲ ಇಡುವ ಹಾರ್ಡ್ ಡಿಸ್ಕ್‌ಗೂ ದುಡ್ಡು ಬೇಕಲ್ವಾ? ಕಾರ್ಡ್ ಮೇಲೆ ಯು3 ಅಥವಾ ವಿ30 ಎಂಬ ವೇಗದ ಗುರುತು ಇರಲಿ. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಪೂರ್ತಿ ತುಂಬಿಸಿ ನೋಡಿ. ನಕಲಿ ಕಾರ್ಡ್ ಅಲ್ಲೇ ಸಿಕ್ಕಿಬೀಳುತ್ತದೆ.

ಗಿಂಬಲ್, ಡ್ರೋನ್, ಕ್ಯಾಮೆರಾ ಮೇಲೆ ಕೂರಿಸುವ ಲೈಟ್ ಯಾವುದನ್ನೂ ಕೊಂಡಿಲ್ಲ. ಕಲಾವಿದರ ಕಣ್ಣಿಗೆ ಲೈಟ್ ಬಿಡುವ ಹಕ್ಕು ನಮಗಿಲ್ಲ. ಅವರ ಒಪ್ಪಿಗೆ ಇಲ್ಲದೆ ಇಡೀ ಆಟವನ್ನು ನೆಟ್‌ಗೆ ಹಾಕುವ ಹಕ್ಕೂ ಇಲ್ಲ. ಹಿಂದಿನ ದಿನವೇ ಮೇಳದ ಯಜಮಾನರನ್ನು ಕೇಳುತ್ತೇನೆ, ಆಟ ಶುರುವಾಗುವ ಮೊದಲು ಭಾಗವತರ ಹತ್ತಿರವೂ ಒಂದು ಮಾತು ಹೇಳುತ್ತೇನೆ. ಬೇಡ ಅಂದರೆ ಟ್ರೈಪಾಡ್ ಬಿಚ್ಚದೆ ಕೂತು ಆಟ ನೋಡುತ್ತೇನೆ.

ಮೇ ಕೊನೆಯ ವಾರದ ಪತ್ತನಾಜೆ ಕಳೆದು, ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕ್ಯಾಮೆರಾ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಸಿಲಿಕಾ ಜೆಲ್ ಜೊತೆ. ಬ್ಯಾಗಿನಲ್ಲಿ ಬಿಡಬೇಡಿ, ಬಟ್ಟೆ ತೇವ ಹಿಡಿಯುತ್ತದೆ. ಬ್ಯಾಟರಿ ಕಳಚಿ, ಅರ್ಧ ಚಾರ್ಜ್‌ನಲ್ಲಿಡಿ. ಆಗಾಗ ಹೊರಗೆ ತೆಗೆದು ಸ್ವಲ್ಪ ಹೊತ್ತು ಓಡಿಸಿ, ಲೆನ್ಸಿಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಸಿಲಿಕಾ ಜೆಲ್ ಬಣ್ಣ ಬದಲಾಗಿದ್ದರೆ ಎಸೆಯುವುದು ಬೇಡ, ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಮಾತ್ರ ಅಡುಗೆಗೆ ವಾಪಸ್ ಕೊಡಬೇಡಿ.