ಸಂಜೆವರೆಗೂ ನಿಲ್ಲುವ ಆಫೀಸ್ ಮೇಕಪ್, ಬಿಚ್ಚಿಕೊಳ್ಳದ ತುರುಬು

ರಾಜಾಜಿನಗರದಲ್ಲಿ ನನ್ನದೊಂದು ಪುಟ್ಟ ಪಾರ್ಲರ್ ಇದೆ. ಎರಡೇ ಕುರ್ಚಿ. ಅದಕ್ಕೂ ಮೊದಲು 6 ವರ್ಷ ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಶಿಫ್ಟ್ ಶುರುವಾಗುವ ಮೊದಲು ನಮ್ಮನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದರು. ಕೂದಲು ಕಾಲರ್‌ಗೆ ತಾಗಬಾರದು, ಉಗುರು ಬೆರಳ ತುದಿ ದಾಟಬಾರದು, ಲಿಪ್‌ಸ್ಟಿಕ್ ಹಲ್ಲಿಗೆ ಹತ್ತಿರಬಾರದು. ಆಮೇಲೆ 9 ಗಂಟೆ ನಿಂತೇ ಕೆಲಸ. ಬೆಳಗ್ಗೆ 8ಕ್ಕೆ ನಾವೆಲ್ಲ ಚೆನ್ನಾಗಿಯೇ ಕಾಣುತ್ತಿದ್ದೆವು. ಯಾರ ಕೈ ಪಳಗಿದೆ ಅನ್ನೋದು ಗೊತ್ತಾಗುತ್ತಿದ್ದದ್ದು ಸಂಜೆ 5ಕ್ಕೆ.

ಈಗ ನನ್ನ ಹತ್ತಿರ ಬರುವವರಲ್ಲಿ ಬ್ಯಾಂಕಿನವರು, ಟೀಚರ್‌ಗಳು, ಸಾಫ್ಟ್‌ವೇರ್ ಹುಡುಗಿಯರು ಜಾಸ್ತಿ. "ಅಕ್ಕಾ, ಆಫೀಸಿಗೆ ಹೇಗೆ ರೆಡಿ ಆಗಲಿ?" ಅಂತ ಕೇಳುತ್ತಾರೆ. "ಮೊದಲು ಆಫೀಸಿಗೆ ಹೇಗೆ ಹೋಗ್ತೀಯ, ಅದು ಹೇಳು" ಅನ್ನುತ್ತೇನೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವೈಟ್‌ಫೀಲ್ಡ್‌ವರೆಗೆ ಹೋಗುವವಳ ಕಥೆ ಒಂದು. ಹೆಲ್ಮೆಟ್ ಹಾಕಿಕೊಂಡು ಸ್ಕೂಟಿಯಲ್ಲಿ ಪೀಣ್ಯಕ್ಕೆ ಹೋಗುವವಳದ್ದು ಇನ್ನೊಂದು. ಬಸ್ಸಿನ ಕಿಟಕಿ ಪಕ್ಕ ಕೂರುವವಳದ್ದು ಮತ್ತೊಂದು. ರಸ್ತೆಯ ಬಿಸಿಲು, ಧೂಳು, ಆಮೇಲೆ ದಿನವಿಡೀ ಎ.ಸಿ. ಇಷ್ಟನ್ನೂ ತಡೆದುಕೊಳ್ಳುವ ಹಾಗೆ ರೆಡಿ ಆಗಬೇಕು. ಹಾಗಂತ ಜಾಸ್ತಿ ಹಚ್ಚಬೇಕಿಲ್ಲ. ಕಡಿಮೆ ಹಚ್ಚಿದಷ್ಟೂ ಜಾಸ್ತಿ ಹೊತ್ತು ನಿಲ್ಲುತ್ತದೆ.

ಮುಖ ತೊಳೆದು ಒರೆಸಿದ ಕೂಡಲೇ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಚರ್ಮದವರೂ ಹಚ್ಚಬೇಕು, ಜೆಲ್ ಥರದ್ದು ಸಾಕು. ಆಮೇಲೆ ಸನ್‌ಸ್ಕ್ರೀನ್. ನಮ್ಮ ಊರು ತಂಪು ಅನ್ನೋದರಲ್ಲಿ ಒಂದು ಮೋಸ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತಂಪಾಗಿದ್ದರೂ ಬಿಸಿಲು ಚುರುಕು, ಮೋಡ ಇದ್ದರೂ ಬಿಡುವುದಿಲ್ಲ. ಎಸ್‌ಪಿಎಫ್ ಅಂದರೆ ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನೋದರ ಅಂಕಿ. 30 ಇರುವುದು ಚರ್ಮ ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಇರುವುದು 98 ಭಾಗ. ವ್ಯತ್ಯಾಸ ಅಷ್ಟೇ. ಆದರೆ ಇದು ಸರಿಯಾದ ಅಳತೆ ಹಚ್ಚಿದಾಗಿನ ಲೆಕ್ಕ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ, ಕುತ್ತಿಗೆಗೆ ಬೇಕು. ನೀವು ಕಡಲೆಕಾಳಿನಷ್ಟು ತೆಗೆದುಕೊಂಡರೆ ಎಷ್ಟು ದುಡ್ಡು ಕೊಟ್ಟು ತಂದರೂ ದಂಡ. ಹಚ್ಚಿ 5 ನಿಮಿಷ ಸುಮ್ನೆ ಬಿಡಿ. ಆ ಹೊತ್ತಿನಲ್ಲಿ ಊಟದ ಡಬ್ಬಿ ಕಟ್ಟಿಕೊಳ್ಳಿ. ಅದು ಚರ್ಮಕ್ಕೆ ಕೂರುವ ಮೊದಲೇ ಫೌಂಡೇಶನ್ ಹಚ್ಚಿದರೆ ಸಣ್ಣ ಸಣ್ಣ ಉಂಡೆ ಎದ್ದು ಬರುತ್ತದೆ.

ಫೌಂಡೇಶನ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅದಕ್ಕೊಂದು ಕಾರಣ ಇದೆ.

ನನಗೆ ಆಗ 21 ವರ್ಷ. ಹೋಟೆಲಿನ ಇಂಟರ್‌ವ್ಯೂ. ಅಮ್ಮ 300 ರೂಪಾಯಿ ಕೊಟ್ಟು ಬೀದಿಯ ಪಾರ್ಲರ್‌ಗೆ ಕಳಿಸಿದ್ದರು. ಅಲ್ಲಿದ್ದವರು ನನ್ನ ಬಣ್ಣಕ್ಕಿಂತ ಎರಡು ಮೆಟ್ಟಿಲು ಬಿಳಿಯ ಫೌಂಡೇಶನ್ ತೆಗೆದು ಬಳಿದರು. "ಸ್ವಲ್ಪ ಬೆಳ್ಳಗೆ ಕಂಡ್ರೆ ಕೆಲಸ ಸಿಗುತ್ತೆ ಕಣಮ್ಮ" ಅಂದರು. ಅಲ್ಲಿನ ಹಳದಿ ಬಲ್ಬಿನಲ್ಲಿ ಏನೂ ಗೊತ್ತಾಗಲಿಲ್ಲ. ಹೋಟೆಲಿನ ಲಿಫ್ಟಿನೊಳಗೆ ಮೂರೂ ಕಡೆ ಕನ್ನಡಿ. ಮುಖ ಬೂದಿ ಬಣ್ಣ, ಕುತ್ತಿಗೆ ನನ್ನ ಬಣ್ಣ, ದವಡೆಯ ಕೆಳಗೆ ಗೆರೆ ಎಳೆದ ಹಾಗೆ ಒಂದು ಅಂಚು. ಬಾತ್‌ರೂಮಿಗೆ ಓಡಿ, ಕರ್ಚೀಫು ಒದ್ದೆ ಮಾಡಿ ಎಲ್ಲ ಒರೆಸಿದೆ. ಬರೀ ಕಾಡಿಗೆ, ಬೊಟ್ಟು ಇಟ್ಟುಕೊಂಡು ಒಳಗೆ ಹೋದೆ. ಕೆಲಸ ಸಿಕ್ಕಿತು. ಆದರೆ ಆ ಲಿಫ್ಟಿನಲ್ಲಿ ಕಂಡ ಮುಖ ಇವತ್ತಿಗೂ ಕಣ್ಣ ಮುಂದಿದೆ. ನನ್ನ ಕುರ್ಚಿಯಲ್ಲಿ ಕೂತ ಯಾವ ಹುಡುಗಿಗೂ ನಾನು ಬಿಳಿ ಬಳಿಯುವುದಿಲ್ಲ. ಕೇಳಿದರೂ ಇಲ್ಲ.

ಷೇಡ್ ಆರಿಸುವಾಗ ಕೈ ಮೇಲೆ ಹಚ್ಚಿ ನೋಡಬೇಡಿ. ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ದವಡೆಯಿಂದ ಕುತ್ತಿಗೆಗೆ ಇಳಿಯುವ ಹಾಗೆ ಹತ್ತಿರ ಹತ್ತಿರದ ಮೂರು ಷೇಡ್‌ಗಳನ್ನು ಪಟ್ಟಿ ಪಟ್ಟಿಯಾಗಿ ಹಚ್ಚಿ, ಅಂಗಡಿಯಿಂದ ಆಚೆ ಬಂದು ಹಗಲು ಬೆಳಕಿನಲ್ಲಿ ಫೋನಿನ ಕ್ಯಾಮೆರಾದಲ್ಲಿ ನೋಡಿ. ಯಾವ ಪಟ್ಟಿ ಕಾಣದೆ ಮಾಯವಾಗುತ್ತದೋ ಅದು ನಿಮ್ಮದು. 10 ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಕೆಲವು ಫೌಂಡೇಶನ್ ಗಾಳಿಗೆ ಆರಿದ ಮೇಲೆ ಬಣ್ಣ ಗಾಢವಾಗುತ್ತದೆ. ನಮ್ಮ ಕಡೆಯ ಚರ್ಮದಲ್ಲಿ ಹೆಚ್ಚಾಗಿ ಹಳದಿ, ಚಿನ್ನದ ಛಾಯೆ ಇರುತ್ತದೆ. ಅದರ ಮೇಲೆ ಗುಲಾಬಿ ಛಾಯೆಯ ಫೌಂಡೇಶನ್ ಬಿದ್ದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ.

ಎಷ್ಟು ಹಚ್ಚಬೇಕು? ಬಟಾಣಿಯಷ್ಟು. ಮೂಗಿನ ಎರಡು ಪಕ್ಕ, ಬಾಯಿಯ ಸುತ್ತ, ಕಲೆ ಇರುವ ಕಡೆ. ಸ್ಪಂಜನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒತ್ತಿ ಒತ್ತಿ ಹರಡಿ. ಉಜ್ಜಬೇಡಿ. ಕಣ್ಣ ಕೆಳಗೆ ಕಪ್ಪಿದ್ದರೆ ನೇರವಾಗಿ ಬಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಾಕಿದರೆ ಅಲ್ಲೂ ಬೂದಿಯೇ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ಒಂದು ಚುಕ್ಕಿ, ಅದರ ಮೇಲೆ ನಿಮ್ಮ ಬಣ್ಣದ ಕನ್ಸೀಲರ್ ಇನ್ನೊಂದು ಚುಕ್ಕಿ. ನಮ್ಮ ಕಪ್ಪಿನಲ್ಲಿ ನೀಲಿ ಬೆರೆತಿರುತ್ತದೆ, ಕಿತ್ತಳೆ ಅದನ್ನು ಕೊಲ್ಲುತ್ತದೆ. ಪೌಡರ್ ಹಣೆಗೆ, ಮೂಗಿಗೆ, ಗದ್ದಕ್ಕೆ ಮಾತ್ರ. ಕೆನ್ನೆಗೂ ಬಳಿದರೆ ಮಧ್ಯಾಹ್ನ ಎ.ಸಿ.ಗೆ ಚರ್ಮ ಒಣಗಿ ಬಿರುಕು ಬಿಟ್ಟ ಹಾಗೆ ಕಾಣುತ್ತದೆ. ಐಡಿ ಕಾರ್ಡ್ ಫೋಟೋ ತೆಗೆಸುವ ದಿನ ಬಿಳಿಯ ಪುಡಿ ಪೌಡರ್ ಮುಟ್ಟಲೇಬೇಡಿ. ಫ್ಲ್ಯಾಶ್ ಬಿದ್ದರೆ ಕಣ್ಣ ಕೆಳಗೆ ಸುಣ್ಣ ಬಳಿದ ಹಾಗೆ ಬರುತ್ತದೆ. ಆ ಕಾರ್ಡು ವರ್ಷಗಟ್ಟಲೆ ಕೊರಳಲ್ಲಿ ನೇತಾಡುತ್ತದೆ, ಅಲ್ವಾ?

ಕಾಡಿಗೆ ಇಲ್ಲದಿದ್ದರೆ ನಮ್ಮಲ್ಲಿ ಅನೇಕರಿಗೆ ಮುಖವೇ ಖಾಲಿ ಅನ್ನಿಸುತ್ತದೆ. ಕೆಳರೆಪ್ಪೆಯ ಒಳಗೆ ಹಚ್ಚಿದ್ದು ಸಂಜೆಗೆ ಕರಗಿ ಇಳಿಯುತ್ತದೆ, ನೀವು ದಣಿದ ಹಾಗೆ ಕಾಣುತ್ತೀರಿ. ಆಫೀಸಿಗೆ ಮೇಲ್ರೆಪ್ಪೆಯ ಕೂದಲ ಬುಡದಲ್ಲಿ ತೆಳುವಾಗಿ ಎಳೆಯಿರಿ, ಅದರ ಮೇಲೆ ಕಂದು ಬಣ್ಣದ ಐಶ್ಯಾಡೋ ಪುಡಿಯನ್ನು ಸಣ್ಣ ಬ್ರಷ್‌ನಲ್ಲಿ ಒತ್ತಿ. ಪುಡಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ರೆಪ್ಪೆಯ ಒಳಗೆ ಹಚ್ಚಲೇಬೇಡಿ. ಮಸ್ಕಾರಾ ತೆರೆದು 3 ತಿಂಗಳಾದರೆ ಬಿಸಾಡಿ. ಬೇರೆ ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ ಇರುತ್ತದೆ. ಅದರೊಳಗೆ 6 ಅಂತಲೋ 12 ಅಂತಲೋ ಬರೆದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ.

ಹುಬ್ಬಿನ ಥ್ರೆಡಿಂಗ್ ಇಂಟರ್‌ವ್ಯೂಗೆ 3 ದಿನ ಮುಂಚೆಯೇ ಮುಗಿಸಿ, ಕೆಂಪು ಇಳಿದಿರುತ್ತದೆ. ಲಿಪ್‌ಸ್ಟಿಕ್ ನಿಮ್ಮ ತುಟಿಯ ಬಣ್ಣಕ್ಕಿಂತ ಒಂದೋ ಎರಡೋ ಮೆಟ್ಟಿಲು ಗಾಢ ಇರಲಿ. ಇಟ್ಟಿಗೆ ಬಣ್ಣ, ಒಣಗಿದ ಗುಲಾಬಿ ಬಣ್ಣ ಎಲ್ಲರಿಗೂ ಒಪ್ಪುತ್ತದೆ. ಒಂದು ಸಲ ಹಚ್ಚಿ, ಟಿಶ್ಯೂ ಕಚ್ಚಿ, ಮತ್ತೆ ಹಚ್ಚಿ. ಎರಡು ಕಾಫಿ ಕುಡಿದರೂ ಹೋಗುವುದಿಲ್ಲ.

ಬೊಟ್ಟಿನ ಬಗ್ಗೆ ಒಂದು ಮಾತು. ಸ್ಟಿಕರ್ ಬೊಟ್ಟಿನ ಕೆಲವು ಅಂಟುಗಳಲ್ಲಿರುವ ರಾಸಾಯನಿಕದಿಂದ ಹಣೆಯಲ್ಲಿ ಬಿಳಿ ಮಚ್ಚೆ ಆಗುತ್ತದೆ. ನನ್ನ ಹತ್ತಿರ ಬರುವ ಇಬ್ಬರಿಗೆ ಹಾಗಾಗಿದೆ. ರಾತ್ರಿ ತೆಗೆದೇ ಮಲಗಿ. ತುರಿಕೆ ಶುರುವಾದರೆ ಆ ಪ್ಯಾಕೆಟ್ ಎಸೆದು ಪೆನ್ಸಿಲ್‌ನಲ್ಲಿ ಇಟ್ಟುಕೊಳ್ಳಿ. ಮಚ್ಚೆ ಕಂಡರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಈಗ ಕೂದಲು. ಮೇಕಪ್ ಇಲ್ಲದೆ, ಅಚ್ಚುಕಟ್ಟಾದ ತಲೆಯಲ್ಲಿ ಹೋದವಳು ರೆಡಿ ಆಗಿ ಬಂದ ಹಾಗೇ ಕಾಣುತ್ತಾಳೆ. ಮುಖಕ್ಕೆಲ್ಲ ಹಚ್ಚಿ ತಲೆ ಕೆದರಿದ್ದರೆ ಎಲ್ಲ ನೀರಿನಲ್ಲಿ ಹೋಮ.

ನಿಮ್ಮ ಮನೆಗೆ ಕಾವೇರಿ ನೀರು ಬರುತ್ತದೋ, ಬೋರ್‌ವೆಲ್ ನೀರೋ, ಟ್ಯಾಂಕರೋ ನೋಡಿಕೊಳ್ಳಿ. ಬೋರ್ ನೀರು ಗಡಸು. ನೊರೆ ಸರಿಯಾಗಿ ಬರುವುದಿಲ್ಲ, ಕೂದಲ ಮೇಲೆ ಪದರ ಕೂತು ನಾರಿನ ಹಾಗಾಗುತ್ತದೆ. ಅಂಥ ಮನೆಯವರು ಕೊನೆಯ ಎರಡು ಚೊಂಬನ್ನಾದರೂ ಕುಡಿಯುವ ನೀರಿನಲ್ಲಿ ಹಾಕಿಕೊಳ್ಳಿ. ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ತಲೆಸ್ನಾನ ಹಿಂದಿನ ಸಂಜೆಯೇ ಆಗಲಿ. ಆಗ ತಾನೇ ತೊಳೆದ ಕೂದಲು ಜಾರುತ್ತದೆ, ಪಿನ್ ಹಿಡಿಯುವುದಿಲ್ಲ. ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಇಡಬೇಡಿ. ಕೂದಲೊಳಗಿನ ನೀರು ಕುದಿದು ಗುಳ್ಳೆ ಎದ್ದು ಅಲ್ಲೇ ತುಂಡಾಗುತ್ತದೆ.

ತುರುಬು ಹೀಗೆ ಹಾಕಿ. ಹೋಟೆಲಿನಲ್ಲಿ ದಿನಾ ಹಾಕಿ ಹಾಕಿ ಕೈಗೆ ಕೂತಿರುವ ರೀತಿ ಇದು. ಬೈತಲೆ ತೆಗೆಯಿರಿ, ತಿಂಗಳಿಗೊಮ್ಮೆ ಅರ್ಧ ಇಂಚು ಆಚೀಚೆ ಮಾಡಿ. ಒಂದೇ ಕಡೆ ತೆಗೆದರೆ ಅಲ್ಲಿ ಅಗಲವಾಗುತ್ತದೆ. ಕಿವಿಯ ಕೆಳತುದಿಯ ಮಟ್ಟಕ್ಕೆ, ಕುತ್ತಿಗೆಗೆ ಒಂದೆರಡು ಬೆರಳು ಮೇಲೆ ರಬ್ಬರ್ ಬ್ಯಾಂಡ್ ಹಾಕಿ. ಹಣೆಯ ಚರ್ಮ ಎಳೆಯುವಷ್ಟು ಬಿಗಿ ಬೇಡ. ದಿನಾ ಹಾಗೆ ಎಳೆದರೆ ಮುಂದಿನ ಕೂದಲು ಹಿಂದೆ ಸರಿಯುತ್ತದೆ. ಜಡೆ ಹೆಣೆದು, ಅದನ್ನು ಬ್ಯಾಂಡಿನ ಸುತ್ತ ಬಸವನಹುಳುವಿನ ಹಾಗೆ ಸುತ್ತಿ, ತುದಿಯನ್ನು ಕೆಳಗೆ ತೂರಿಸಿ. ಈಗ ಯು-ಪಿನ್. ಸುಮ್ನೆ ಚುಚ್ಚಿದರೆ ಅರ್ಧ ಗಂಟೆಗೆ ಹೊರಗೆ ಬರುತ್ತದೆ. ಪಿನ್ನಿನ ತುದಿ ತುರುಬಿನಿಂದ ಹೊರಕ್ಕೆ ನೋಡುವ ಹಾಗೆ ಹಿಡಿದು, ತುರುಬಿನ ಅಂಚಿನ ನಾಲ್ಕು ಎಳೆ, ತಲೆಯ ನಾಲ್ಕು ಎಳೆ ಸಿಕ್ಕಿಸಿಕೊಂಡು, ಪಿನ್ನನ್ನು ತಿರುಗಿಸಿ ತುರುಬಿನ ಮಧ್ಯಕ್ಕೆ ತಳ್ಳಿ. ಕೈಗೆ ಬೀಗ ಬಿದ್ದ ಹಾಗೆ ಗೊತ್ತಾಗುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ಸಾಕು. ಕಿವಿ ಹಿಂದಿನ ಮರಿಕೂದಲಿಗೆ ಸಾದಾ ಪಿನ್ ಹಾಕಿ, ಅಲೆ ಅಲೆಯಾದ ಕಡೆ ತಲೆಗೆ ತಾಗಲಿ. ನಾವೆಲ್ಲ ಅದನ್ನು ಉಲ್ಟಾ ಹಾಕಿಕೊಂಡೇ ಬೆಳೆದವರು. ಹಳೆಯ ಟೂತ್‌ಬ್ರಷ್‌ಗೆ ಚೂರು ಲೋಳೆಸರದ ಜೆಲ್ ಹಚ್ಚಿ ಮುಂಗುರುಳನ್ನು ತೀಡಿ.

ಹೆಲ್ಮೆಟ್ ಹಾಕುವವರು ಮನೆಯಿಂದ ಜಡೆಯಲ್ಲೇ ಹೊರಡಿ. ಹತ್ತಿಯ ಸ್ಕಾರ್ಫ್ ಕಟ್ಟಿ ಅದರ ಮೇಲೆ ಹೆಲ್ಮೆಟ್ ಇರಲಿ. ಪಾರ್ಕಿಂಗ್‌ನಲ್ಲಿ ಗಾಡಿಯ ಕನ್ನಡಿ ನೋಡಿಕೊಂಡು ಅದೇ ಜಡೆಯನ್ನು ಸುತ್ತಿ ನಾಲ್ಕು ಪಿನ್ ಹಾಕಿದರೆ ಒಂದು ನಿಮಿಷದ ಕೆಲಸ.

ಗುಂಗುರು ಕೂದಲಿನವರು "ಅಕ್ಕಾ, ನೀಟಾಗಿ ಕಾಣಲ್ಲ, ಸ್ಟ್ರೈಟ್ ಮಾಡಿಬಿಡಿ" ಅಂತ ಬಂದಾಗ ನನಗೆ ಸಂಕಟ ಆಗುತ್ತದೆ. ನಿಮ್ಮ ಗುಂಗುರು ಕೊಳಕಲ್ಲ. ಒದ್ದೆ ಇರುವಾಗ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಜೆಲ್ ಹಚ್ಚಿ ಹಿಂಡಿ, ಒಣಗುವ ತನಕ ಕೈ ಹಾಕಬೇಡಿ. ಆಮೇಲೆ ಮೇಲಿನ ಅರ್ಧಕ್ಕೆ ಒಂದು ಕ್ಲಚರ್. ಬೋರ್ಡ್ ರೂಮಿಗೂ ಸಲ್ಲುತ್ತದೆ.

ನರೆತ ಕೂದಲು ಹಾಗೇ ಬಿಡುವುದೂ ಚೆಂದವೇ. ಬಣ್ಣ ಹಚ್ಚುವುದಾದರೆ 48 ಗಂಟೆ ಮುಂಚೆ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ, ಅಲರ್ಜಿ ಆಗುತ್ತದಾ ನೋಡಿ. ಕಪ್ಪು ಮೆಹೆಂದಿ ಅಂತ ಮಾರುವುದರಲ್ಲೂ ಎಷ್ಟೋ ಸಲ ಅದೇ ಡೈ ಇರುತ್ತದೆ.

ಶುಕ್ರವಾರ ಹೂ ಮುಡಿಯುವ ಆಸೆ ಇದ್ದರೆ ಮುಡಿಯಿರಿ. ಮಲ್ಲಿಗೆ ಒಂದು ಗೇಣು ಸಾಕು, ಬಾಗಿಲು ಹಾಕಿದ ಎ.ಸಿ. ರೂಮಿನಲ್ಲಿ ಅದರ ವಾಸನೆ ಕೆಲವರಿಗೆ ತಲೆನೋವು ತರುತ್ತದೆ. ಮೀಟಿಂಗ್ ಇರುವ ದಿನ ಕನಕಾಂಬರ ಒಳ್ಳೆಯದು. ವಾಸನೆ ಇಲ್ಲ, ಬೇಗ ಬಾಡುವುದೂ ಇಲ್ಲ.

ಬ್ಯಾಗಿನಲ್ಲಿ ಟಿಶ್ಯೂ, ಕಾಂಪ್ಯಾಕ್ಟ್, ಲಿಪ್‌ಸ್ಟಿಕ್, ಎರಡು ಪಿನ್ ಇರಲಿ. 4 ಗಂಟೆಗೆ ಮುಖ ಎಣ್ಣೆಯಾಗಿದ್ದರೆ ಮೊದಲು ಟಿಶ್ಯೂ ಒತ್ತಿ ಎಣ್ಣೆ ತೆಗೆದು ಆಮೇಲೆ ಕಾಂಪ್ಯಾಕ್ಟ್. ಎಣ್ಣೆಯ ಮೇಲೇ ಪೌಡರ್ ಹಾಕಿದರೆ ಹಿಟ್ಟು ಮೆತ್ತಿದ ಹಾಗಾಗುತ್ತದೆ.

ರಾತ್ರಿ ಎಷ್ಟು ಸುಸ್ತಾಗಿದ್ದರೂ ಎಲ್ಲ ತೆಗೆದು ಮಲಗಿ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಹತ್ತು ಎಣಿಸುವವರೆಗೆ ಇಟ್ಟರೆ ಕಾಡಿಗೆ ತಾನಾಗೇ ಬಿಡುತ್ತದೆ. ಆಮೇಲೆ ಫೇಸ್‌ವಾಶ್. ಪಿನ್ನುಗಳನ್ನು ಎಣಿಸಿಕೊಂಡು ತೆಗೆಯಿರಿ. ಬೆಳಗ್ಗೆ ಹಾಕಿದ್ದು ಆರಾದರೆ ಆರೂ ಡಬ್ಬಿಗೆ ಬೀಳಬೇಕು.